2021ರಲ್ಲಿ ಹುಟ್ಟಿದ ಮುದುಕಿ

ತಪ್ಪಾಗಿ ಹೇಳಿಬಿಡುವೆನೇನೋ ಎಂಬ ಭಯದಲ್ಲೇ ಶುರುಮಾಡುತ್ತಿದ್ದೇನೆ, ಕ್ಷಮಿಸಿ. ಪ್ರೋಗ್ರಾಂ ಬರೆಯುವುದನ್ನು ನಾನು ಸಂಜೆ ತರಗತಿಯಲ್ಲಿ ಅಷ್ಟಿಷ್ಟು ಕಲಿತವಳು. ಇದನ್ನು ಆ ಪ್ರೋಗ್ರಾಂ ಬರೆದ ಹುಡುಗ ವೊರವಿತ್‌ ಹೇಳಬೇಕಿತ್ತು. ಅವನು ಆ ಮಾತನ್ನೇ ಎತ್ತುವುದಿಲ್ಲ.

ಯೋಮ್ ನದಿ ಊರೊಳಗೆ ನುಗ್ಗಿದ ದಿನ ನಾವಿಬ್ಬರೂ ದಿಬ್ಬದ ಮೇಲಿನ ವಿಹಾರದಲ್ಲಿ ಕುಳಿತಿದ್ದೆವು. ಇದ್ದದ್ದು ಸನಿತ್ ಮಾಮನ ಮೋಟಾರು ದೋಣಿಯೊಂದೇ. ಎಲ್ಲರಿಗಿಂತ ಹಿರಿಯರನ್ನು ಮೊದಲು ಕರೆತರಬೇಕೆಂದು ಭಿಕ್ಷುಗಳು ಹೇಳಿದ್ದರು. ನೀರಲ್ಲಿ ಸಿಕ್ಕಿಕೊಂಡವರು ಫೋನಿನಿಂದ ಹೆಸರು, ಹುಟ್ಟಿದ ವರ್ಷ, ಮನೆ ಸಂಖ್ಯೆ ಕಳಿಸುತ್ತಿದ್ದರು. ವೊರವಿತ್‌ ಬರೆದ ಪ್ರೋಗ್ರಾಂ ಅವರನ್ನು ಇಬ್ಬಿಬ್ಬರಂತೆ ಹೋಲಿಸಿ, ಯಾರ ವರ್ಷ ಚಿಕ್ಕದೋ ಅವರನ್ನು ಉಳಿಸಿಕೊಳ್ಳುತ್ತ ಹೋಗಿ, ಕೊನೆಗೆ ಉಳಿದವರ ಮನೆ ಸಂಖ್ಯೆಯನ್ನು ಮಾಮನಿಗೆ ಕಳಿಸುತ್ತಿತ್ತು. ನಮ್ಮ ಥಾಯ್ ಲೆಕ್ಕದಲ್ಲಿ 2478ರಲ್ಲಿ ಹುಟ್ಟಿದ, ತೊಂಬತ್ತರ ಹತ್ತಿರದ ಅವನ ಅಜ್ಜಿ ಬುವಾಪನ್ ಮಾರುಕಟ್ಟೆ ಬೀದಿಯ ತಗಡಿನ ಛಾವಣಿಯ ಮೇಲೆ ಒಬ್ಬಳೇ ಇದ್ದಳು.

"ಮೊದಲನೇ ಸರದಿ ನಮ್ಮಜ್ಜೀದೇ ಬಿಡಕ್ಕಾ. ಅವಳಿಗಿಂತ ಹಳಬ ಅಂದ್ರೆ ಈ ಕಲ್ಲಿನ ಬುದ್ಧ ಒಬ್ನೇ," ಎಂದ ಅವನು.

ದೋಣಿ ಹೊರಟಿತು. ಆದರೆ ಸ್ವಲ್ಪ ಹೊತ್ತಿನ ಮೇಲೆ ಪರದೆ ನೋಡಿದರೆ ಅಲ್ಲಿದ್ದದ್ದು ಫಾಸಾಯ್ ಎಂಬ ಹೆಸರು. ವರ್ಷ, 2021.

"ಯಾರೋ ಇವಳು? ಐನೂರು ದಾಟಿದ್ದಾಳಲ್ಲೋ! ಯಾವ ರಾಜನ ಕಾಲದ ಮುದುಕಿ?" ಎಂದು ನಗಲು ಹೋದೆ. ಅವನು ಪರದೆಯ ಹತ್ತಿರ ಬಗ್ಗಿದ.

"ಅಕ್ಕಾ, ಅದು ನಮ್ಮ ಥಾಯ್ ಬುದ್ಧ ವರ್ಷ ಅಲ್ಲ. ಪಾಸ್‌ಪೋರ್ಟ್ ನೋಡ್ಕೊಂಡು ಇಂಗ್ಲಿಷ್ ವರ್ಷ ಬರ್ದಿದಾರೆ. ಅದು ಮಗು!"

ನಮ್ಮೂರಲ್ಲಿ ಇಂಗ್ಲಿಷ್ ವರ್ಷ ಬರೆಯುವವರೂ ಇರಬಹುದೆಂದು ಯಾರಿಗೆ ಹೊಳೆದೀತು? ಪ್ರೋಗ್ರಾಂ ಚಿಕ್ಕ ಸಂಖ್ಯೆ ಕೇಳಿತ್ತು, ಚಿಕ್ಕ ಸಂಖ್ಯೆ ಸಿಕ್ಕಿತ್ತು.

ಅವನು ಫೋನಿನಲ್ಲಿ ಕಿರುಚಿದ. "ಮಾಮ, ತಿರುಗ್ಸಿ! ಮಾರ್ಕೆಟ್ ಬೀದಿಗೆ ಹೋಗಿ!"

"ಏನೋ ತಿರುಗ್ಸೋದು? ಇಲ್ಲಿ ತಾಯಿ ಎದೆಮಟ್ಟ ನೀರಲ್ಲಿ ನಿಂತು ಮಗೂನ ತಲೆ ಮೇಲೆ ಹೊತ್ಕೊಂಡಿದಾಳೆ. ಬಿಟ್ಟು ಬರ್ಲಾ? ನೀನೇ ಹೇಳು."

ವೊರವಿತ್‌ ಕೈಯಿಂದ ನಾನೇ ಫೋನ್ ಕಿತ್ತುಕೊಂಡು, "ಕರ್ಕೊಂಡ್ ಬನ್ನಿ ಮಾಮ," ಎಂದೆ.

ವರ್ಷ 2400ಕ್ಕಿಂತ ಕಡಿಮೆಯಿದ್ದರೆ 543 ಕೂಡಿಸಿ ಹೋಲಿಸು. ನಮ್ಮ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಅಷ್ಟು ಮುಂದಿದೆ. ಒಂದೇ ಸಾಲು. ವೊರವಿತ್‌ ಅದನ್ನು ಪ್ರೋಗ್ರಾಂಗೆ ಸೇರಿಸಿದ. ಕೂಡಲೇ ಅಜ್ಜಿಯ ಹೆಸರು ಬಂತು.

ದೋಣಿ ಅಲ್ಲಿಗೆ ತಲುಪಿದಾಗ ಛಾವಣಿ ಬರಿದಾಗಿತ್ತು. ನೀರಿನ್ನೂ ತಗಡನ್ನು ಮುಟ್ಟಿರಲಿಲ್ಲ ಎನ್ನುತ್ತಾನೆ ಮಾಮ. ಜಾರಿಬಿದ್ದಳೋ, ಗುರುತಿಲ್ಲದ ಯಾರದಾದರೂ ದೋಣಿ ಹತ್ತಿದಳೋ, ಮೊದಲೇ ಹೋಗಿದ್ದರೆ ಸಿಗುತ್ತಿದ್ದಳೋ, ನನಗೆ ಗೊತ್ತಿಲ್ಲ.