ಕರೆಂಟ್ ಹೋದರೂ ನಿಲ್ಲದ ಸದ್ದು

ಮನೆಯಲ್ಲಿ ಎಲ್ಲೋ 'ಕುಂಯ್' ಎಂದು ಸದ್ದು ಬರುತ್ತಿದ್ದರೆ ನೀವು ಏನು ಮಾಡುತ್ತೀರಿ? ಮೊದಲು ಫ್ಯಾನಿನ ಮೇಲೆ ಅನುಮಾನ ಪಡುತ್ತೀರಿ. ಆಮೇಲೆ ಫ್ರಿಜ್ಜಿನ ಮೇಲೆ. ಆಮೇಲೆ ಪಕ್ಕದ ಮನೆಯವರ ಮೇಲೆ. ನಮ್ಮ ಕಿವಿ ಮೇಸ್ತ್ರಿಯೂ ಹಾಗೇ ಮಾಡಿದ. ತನ್ನ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ.

ಕಿವಿ ಮೇಸ್ತ್ರಿ ಎಂದರೆ ಕಿವಿ ರಿಪೇರಿ ಮಾಡುವವನಲ್ಲ, ಮೋಟರ್ ರಿಪೇರಿ ಮಾಡುವವನು. ನೀರೆತ್ತುವ ಮೋಟರ್, ಹಿಟ್ಟಿನ ಗಿರಣಿಯ ಮೋಟರ್, ಏನೇ ಬರಲಿ, ಅವನು ಅದನ್ನು ಮೊದಲು ಬಿಚ್ಚುತ್ತಿರಲಿಲ್ಲ. ಓಡುತ್ತಿರುವ ಮೋಟರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚುತ್ತಿದ್ದ. "ಹಿಂದಿನ ಬೇರಿಂಗ್ ಸವೆದಿದೆ. ಮುಂದಿನದು ಚೆನ್ನಾಗಿದೆ, ಮುಟ್ಟಬೇಡಿ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅವನು ಹೇಳಿದಂತೆಯೇ ಇರುತ್ತಿತ್ತು. ಆ ಕಿವಿಯೇ ಅವನ ಹೆಸರು, ಅದೇ ಅವನ ಅನ್ನ. ಸ್ವಲ್ಪ ಜಂಬವೂ ಅದರದೇ ಎಂದರೆ ಅವನ ಹೆಂಡತಿ ಅಲ್ಲವೆನ್ನಲಾರಳು.

ಅಂಥವನಿಗೆ ಕ್ಷಯ ತಗುಲಿತು. ಮೊದಲ ಮಾತ್ರೆಗಳಿಗೆ ಬಗ್ಗದ ಹಟಮಾರಿ ಕ್ಷಯ. ಡಾಕ್ಟರು ಬೇರೆ ಮಾತ್ರೆಗಳನ್ನು ಕೊಟ್ಟರು, ಜೊತೆಗೆ ಕೆಲವು ತಿಂಗಳ ಸೂಜಿಯನ್ನೂ ಬರೆದರು. ಕೆಮ್ಮು ಇಳಿಯಿತು, ಮೈ ತುಂಬಿತು. ಇನ್ನೊಬ್ಬರಿಗೆ ಅಂಟುವ ಭಯವಿಲ್ಲ ಎಂದು ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಮೇಸ್ತ್ರಿ ಕೆಲಸಕ್ಕೂ ಮರಳಿದ. ಬೆಳಿಗ್ಗೆ ಆರೋಗ್ಯ ಕೇಂದ್ರದಲ್ಲಿ ಸೂಜಿ, ಆಮೇಲೆ ರಿಪೇರಿ ಅಂಗಡಿ.

ಸೂಜಿ ಚುಚ್ಚುತ್ತಿದ್ದ ನರ್ಸಮ್ಮ ದಿನವೂ ಕೇಳುತ್ತಿದ್ದಳು. "ಏನಾದ್ರೂ ತೊಂದ್ರೆ ಇದೆಯಾ ಮೇಸ್ತ್ರಿ?"

"ನನಗೇನಿಲ್ಲ ಸಿಸ್ಟರ್. ತೊಂದ್ರೆ ಎಲ್ಲ ಮೋಟರ್‌ಗಳಿಗೇ."

ಅವನು ತಮಾಷೆ ಮಾಡಿದ್ದಲ್ಲ. ಆ ದಿನಗಳಲ್ಲಿ ಅಂಗಡಿಗೆ ಬಂದ ಒಂದೊಂದು ಮೋಟರಿನಲ್ಲೂ ಅವನಿಗೆ ಒಂದು ಸಣ್ಣ ಕೀರಲು ಸದ್ದು ಕೇಳಿಸತೊಡಗಿತ್ತು. ಬೇರಿಂಗ್ ಬದಲಿಸಿದ. ಸದ್ದು ಹೋಗಲಿಲ್ಲ. ಹೊಸ ಬೇರಿಂಗೇ ಕಳಪೆ ಎಂದು ಅದನ್ನು ಮಾರಿದವನ ಜೊತೆ ಜಗಳಕ್ಕೆ ಬಿದ್ದ. ಚೆನ್ನಾಗಿ ಓಡುತ್ತಿದ್ದ ಮೋಟರುಗಳನ್ನೂ ಬಿಚ್ಚಿ ಹರಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

"ಮೇಸ್ತ್ರಿ, ಈ ಮೋಟರ್ ಚೆನ್ನಾಗೇ ಇತ್ತಲ್ಲ?" ಎಂದು ರಿಪೇರಿ ಅಂಗಡಿಯ ಯಜಮಾನರು ಕೇಳಿದರು.

"ನಿಮಗೆ ಚೆನ್ನಾಗಿತ್ತು. ಕಿವಿ ಇರೋದು ನನಗೆ" ಎಂದ ಮೇಸ್ತ್ರಿ.

ನರ್ಸಮ್ಮ ಒಮ್ಮೆ ಅವನನ್ನು ಕಿವಿ ಪರೀಕ್ಷೆಗೆ ಹೋಗಲು ಹೇಳಿದಳು. ಈ ಸೂಜಿ ತೆಗೆದುಕೊಳ್ಳುವವರು ಮಾಡಿಸಬೇಕು ಎಂದಳು. ಮೇಸ್ತ್ರಿಗೆ ನಗು ಬಂತು. "ನನ್ನ ಕಿವಿಗೆ ಪರೀಕ್ಷೆಯಾ? ನಿಮ್ಮ ಪರೀಕ್ಷೆ ಯಂತ್ರ ಕೆಟ್ಟರೆ ಹೇಳಿ, ದೂರದಿಂದಲೇ ಕೇಳಿ ರಿಪೇರಿ ಮಾಡ್ತೀನಿ" ಎಂದು ಹೊರಟುಬಿಟ್ಟ.

ಸದ್ದು ಮನೆಗೂ ಬಂತು. ರಜೆಯ ದಿನ ಅವನು ಸ್ಟೂಲು ಹತ್ತಿ ಫ್ಯಾನು ಇಳಿಸಿದ. ಆಮೇಲೆ ಫ್ರಿಜ್ಜನ್ನು ಗೋಡೆಯಿಂದ ಎಳೆದ. ಮಿಕ್ಸಿಯ ತಳ ಬಿಚ್ಚಿದ. ಅವನ ತಾಯಿ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಾ, "ಇವನಿಗೆ ಏನು ಬಂತೇ? ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ" ಎಂದು ಸೊಸೆಯನ್ನು ಕೇಳಿದಳು.

"ಮೀಟರ್ ಬೋರ್ಡ್ ಒಂದು ಉಳಿದಿದೆ ಅತ್ತೆ. ಅದನ್ನೂ ಬಿಚ್ಚಿದರೆ ನಾವು ಹೊರಗೆ ಮಲಗೋದು" ಎಂದಳು ಹೆಂಡತಿ.

"ನಿಮಗೆ ಕೇಳ್ತಿಲ್ವಾ? ಇಷ್ಟು ಜೋರಾಗಿದೆ!" ಎಂದು ಮೇಸ್ತ್ರಿ ರೇಗಿದ. ಇಬ್ಬರೂ ಕಿವಿಗೊಟ್ಟರು. ಅವರಿಗೆ ಬೀದಿಯ ಸೈಕಲ್ ಗಂಟೆ ಕೇಳಿಸಿತು. ಬೇರೇನೂ ಇಲ್ಲ.

ನಿಜ ತಿಳಿದದ್ದು ಒಂದು ಮಧ್ಯಾಹ್ನ, ಅಂಗಡಿಯಲ್ಲಿ. ಮೇಸ್ತ್ರಿ ಒಂದು ಮೋಟರಿನ ಮುಂದೆ ಕೂತು ಹಾಳು ಸದ್ದನ್ನು ಹುಡುಕುತ್ತಿದ್ದಾಗ ಫಕ್ಕನೆ ಕರೆಂಟ್ ಹೋಯಿತು. ಮೋಟರ್ ನಿಧಾನವಾಗಿ ನಿಂತಿತು. ಅಂಗಡಿಯ ಫ್ಯಾನು ನಿಂತಿತು. ಎದುರಿನ ಗಿರಣಿಯೂ ನಿಂತಿತು. ಸದ್ದು ಮಾತ್ರ ನಿಲ್ಲಲಿಲ್ಲ. ಅಷ್ಟೂ ಮೌನವನ್ನು ತನ್ನದೇ ಮಾಡಿಕೊಂಡು ಇನ್ನೂ ಜೋರಾಗಿ ಕಿರುಚಿತು.

ಮೇಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟ. ಎರಡೂ ಕಿವಿ ಮುಚ್ಚಿಕೊಂಡ. ಸದ್ದು ಒಳಗೇ ಇತ್ತು. ಅವನಿಗೆ ಹೆದರಿಕೆಯಾಯಿತು. ಎದೆಯ ಕಾಯಿಲೆ ಎಂದಾಗಲೂ ಅವನು ಇಷ್ಟು ಹೆದರಿರಲಿಲ್ಲ.

ಆ ಹೊತ್ತಿಗೆ ಸೂಜಿಯ ತಿಂಗಳುಗಳು ಮುಗಿದಿದ್ದವು. ಮಾತ್ರೆಗಳು ಮಾತ್ರ ಇನ್ನೂ ಬಹಳ ದಿನ ನುಂಗಬೇಕಿತ್ತು. ಮೇಸ್ತ್ರಿ ಯಾರಿಗೂ ಹೇಳಲಿಲ್ಲ. ಕಿವಿ ಮೇಸ್ತ್ರಿಗೆ ಕಿವಿ ಕೆಟ್ಟಿದೆ ಎಂದರೆ ಯಾರು ಕೆಲಸ ಕೊಡುತ್ತಾರೆ? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾದ. ಆದರೆ ಸದ್ದು ಸುಮ್ಮನಿರಬೇಕಲ್ಲ? ಊಟಕ್ಕೆ ಕೂತರೆ ಅದೂ ಕೂರುತ್ತಿತ್ತು, ಮಲಗಿದರೆ ಅದು ಮಾತ್ರ ಮಲಗುತ್ತಿರಲಿಲ್ಲ. ಅವನು ಹಜಾರದಿಂದ ಬೀದಿಗೆ, ಬೀದಿಯಿಂದ ಹಜಾರಕ್ಕೆ ತಿರುಗಿದ. ಯಾರಾದರೂ ಮಾತಾಡಿಸಿದರೆ ಸಿಡುಕಿದ. ಯೋಚಿಸಿ ಯೋಚಿಸಿ, ಇದೆಲ್ಲ ಔಷಧದಿಂದಲೇ ಎಂದು ತೀರ್ಮಾನಿಸಿದ. ಅಲ್ಲಿಯವರೆಗೆ ಸರಿಯೇ. ಆಮೇಲೆ ಮಾಡಿದ್ದು ಮಾತ್ರ ಶುದ್ಧ ತಪ್ಪು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ, ಉಳಿದ ಮಾತ್ರೆಗಳನ್ನು ಗುಟ್ಟಾಗಿ ನಿಲ್ಲಿಸಿಬಿಟ್ಟ.

ಗುಟ್ಟು ತಲೆಯ ಮೇಲಿಂದ ಉದುರಿತು. ಇಳಿಸಿದ ಫ್ಯಾನನ್ನು ಮೇಸ್ತ್ರಿ ಮತ್ತೆ ತೂಗುಹಾಕಿದ್ದನೇನೋ ಸರಿ, ಸೂರಿನ ಹತ್ತಿರ ಕೊಕ್ಕೆಯನ್ನು ಮುಚ್ಚುವ ಅದರ ಬಟ್ಟಲು ಮಾತ್ರ ಓರೆಯಾಗಿತ್ತು. ಅವನು ಅಂಗಡಿಗೆ ಹೋದಾಗ ಹೆಂಡತಿ ಸ್ಟೂಲು ಹತ್ತಿ ಅದನ್ನು ಸರಿಪಡಿಸಲು ಹೋದಳು. ಬಟ್ಟಲು ವಾಲಿತು. ಬಣ್ಣಬಣ್ಣದ ಮಾತ್ರೆಗಳು ಅವಳ ಮುಖದ ಮೇಲೆ, ನೆಲದ ಮೇಲೆ ಸುರಿದವು. ನುಂಗದ ಮಾತ್ರೆ ಬಚ್ಚಿಡಲು ಮೇಸ್ತ್ರಿಗೆ ಹೊಳೆಯುವ ಜಾಗವೆಂದರೆ ಅದೇ.

ಮೇಸ್ತ್ರಿ ಮನೆಗೆ ಬಂದಾಗ ಮಾತ್ರೆಗಳು ತಟ್ಟೆಯಲ್ಲಿದ್ದವು.

"ಇದೇನ್ರೀ?"

ಅವನು ಕೂರಲಿಲ್ಲ. ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ.

ತಾಯಿ ಮಗನ ಪರ ನಿಂತಳು. "ಮದ್ದು ಅವನ ಕಿವಿ ತಿಂದಿದೆ. ಅದನ್ನೇ ಇನ್ನೂ ನುಂಗು ಅಂತೀಯಾ? ಬಿಸಿ ಎಣ್ಣೆ ಬಿಡ್ತೀನಿ, ತಾನಾಗೇ ಹೋಗತ್ತೆ."

"ಕಿವಿಗೆ ಎಣ್ಣೆ ಬಿಡೋಕೆ ಅದೇನು ಬಾಗಿಲ ತಿರುಗಣೆಯಾ ಅತ್ತೆ?" ಎಂದ ಹೆಂಡತಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಬರುವಾಗ ಜೊತೆಯಲ್ಲಿ ನರ್ಸಮ್ಮ ಇದ್ದಳು.

ಮೇಸ್ತ್ರಿ ಅವಳ ಮೇಲೆ ಹರಿಹಾಯ್ದ. "ನೀವು ಚುಚ್ಚಿದ ಸೂಜಿಯಿಂದ ನನ್ನ ಕೆಲಸ ಹೋಗತ್ತೆ. ಮೊದಲೇ ಯಾಕೆ ಹೇಳ್ಲಿಲ್ಲ?"

ನರ್ಸಮ್ಮ ಸಿಟ್ಟಾಗಲಿಲ್ಲ. "ಕೇಳಿದ್ದೆ ಮೇಸ್ತ್ರಿ. ಆದರೆ 'ಕಿವಿಯಲ್ಲಿ ಏನಾದ್ರೂ ಸದ್ದು ಬರ್ತಿದೆಯಾ' ಅಂತ ಬಿಡಿಸಿ ಕೇಳಬೇಕಿತ್ತು. ಪರೀಕ್ಷೆ ತಪ್ಪಿಸಿದಾಗ ನಿಮ್ಮನ್ನ ಬಿಡಬಾರದಿತ್ತು. ಅದು ನನ್ನ ತಪ್ಪು. ಆ ಸೂಜಿ ಕೆಲವರ ಕಿವಿಯ ಒಳಗಿನ ಸೂಕ್ಷ್ಮ ಭಾಗಕ್ಕೆ ಪೆಟ್ಟು ಕೊಡತ್ತೆ. ಸದ್ದು ಶುರುವಾದಾಗಲೇ ಗೊತ್ತಾಗಿದ್ರೆ ಡಾಕ್ಟರು ಸೂಜಿ ಬದಲಾಯಿಸ್ತಿದ್ರೋ, ಕಡಿಮೆ ಮಾಡ್ತಿದ್ರೋ."

"ನಾನು ಬೇರಿಂಗ್ ಅಂದುಕೊಂಡೆ" ಎಂದ ಮೇಸ್ತ್ರಿ. ಅವನ ದನಿ ಇಳಿದಿತ್ತು.

"ಈಗ ಆ ಸೂಜಿ ನಿಂತಿದೆ. ಉಳಿದ ಮಾತ್ರೆಗಳ ವಿಚಾರ ಡಾಕ್ಟರ ಹತ್ತಿರ ಕೂತು ಮಾತಾಡೋಣ. ಆದರೆ ನೀವಾಗೇ ಬಿಟ್ಟರೆ ಕ್ಷಯ ಮತ್ತೆ ತಲೆ ಎತ್ತತ್ತೆ, ಈ ಸಲ ಇನ್ನೂ ಹಟದಿಂದ. ನೀವು ಕೆಮ್ಮಿದರೆ ಗಾಳಿಯಲ್ಲಿ ಹೋಗೋದು ಯಾರ ಎದೆಗೆ?"

ಅವಳು ಯಾರ ಕಡೆಗೂ ಬೆರಳು ತೋರಿಸಲಿಲ್ಲ. ಮೇಸ್ತ್ರಿ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಅವನ ಕಿವಿ ಸರಿಹೋಗತ್ತಾ, ಅದು ಹೇಳಮ್ಮ" ಎಂದಳು ತಾಯಿ.

"ಸುಳ್ಳು ಹೇಳಲ್ಲ ಅಮ್ಮ. ಹೋದರೂ ಹೋಗಬಹುದು, ಉಳಿದರೂ ಉಳಿಯಬಹುದು. ಉಳಿದರೆ ಅದರ ಜೊತೆ ಬದುಕೋದು ಕಲೀಬಹುದು. ಆದರೆ ಎಣ್ಣೆ, ಕಡ್ಡಿ, ಪಿನ್ನು ಮಾತ್ರ ಕಿವಿ ಹತ್ತಿರ ತರಬೇಡಿ."

ಮರುದಿನ ಮೇಸ್ತ್ರಿಯ ಜೊತೆ ಹೆಂಡತಿ ಮಾತ್ರವಲ್ಲ, ತಾಯಿಯೂ ಹೊರಟಳು. ಡಾಕ್ಟರು ಕಫದ ಪರೀಕ್ಷೆ ಮಾಡಿಸಿದರು. ರೋಗ ಮರಳಿರಲಿಲ್ಲ. ಮಾತ್ರೆಗಳನ್ನು ನೋಡಿ, ಮತ್ತೆ ಶುರು ಮಾಡಿಸಿದರು. ಕಿವಿ ಪರೀಕ್ಷೆಯ ಕೋಣೆಯಲ್ಲಿ ಮೇಸ್ತ್ರಿ ತನಗೆ ಯಾವ ಸದ್ದು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಮೊದಲ ಸಲ ತಿಳಿದುಕೊಂಡ. ತೆಳುವಾದ ಕೀರಲು ಸದ್ದುಗಳಷ್ಟೇ ಅವನಿಗೆ ಮಸುಕಾಗಿದ್ದವು. ಮಾತು ಕೇಳುತ್ತಿತ್ತು. ಮುಂದೆ ಯಾವ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಈ ವಿಷಯ ಮೊದಲು ಹೇಳಬೇಕು, ಕಿವಿಗೆ ಇನ್ನಷ್ಟು ಪೆಟ್ಟು ಬೀಳದಂತೆ, ಔಷಧದ ಅಂಗಡಿಯಿಂದ ತಾನೇ ನೋವಿನ ಮಾತ್ರೆ ತಂದು ನುಂಗಬಾರದು ಎಂದು ಅಲ್ಲಿ ಹೇಳಿಕೊಟ್ಟರು.

ಸದ್ದು ಹೋಗಲಿಲ್ಲ. ಅದನ್ನು ಮುಚ್ಚಿಟ್ಟು ನಿಮಗೆ ಸಿಹಿ ಕಥೆ ಹೇಳುವುದರಿಂದ ಪ್ರಯೋಜನವಿಲ್ಲ. ಆದರೆ ಪೂರ್ತಿ ಮೌನದಲ್ಲಿ ಅದು ಕುಣಿಯುತ್ತದೆ, ಬೇರೆ ಸಣ್ಣ ಸದ್ದು ಜೊತೆಗಿದ್ದರೆ ಹಿಂದೆ ಸರಿಯುತ್ತದೆ ಎಂದು ಅವನಿಗೆ ತಿಳಿಯಿತು. ಮಲಗುವಾಗ ತಾಯಿಯೇ ರೇಡಿಯೋ ಸಣ್ಣಗೆ ಹಚ್ಚಿಡುತ್ತಾಳೆ. ಗಲಾಟೆಯ ಕೆಲಸವಿದ್ದರೆ ಅವನು ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತಾನೆ. ಯಜಮಾನರಿಗೂ ಹೇಳಿದ. ಅವರು, "ಅಷ್ಟೇನಾ? ನಾನು ನಿನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ" ಎಂದರು. ಈಗ ಮೇಸ್ತ್ರಿ ಮೋಟರಿನ ಮೈಮೇಲೆ ಬೆರಳಿಟ್ಟು, ಅದು ಅದುರುವ ಬಗೆಯಿಂದ ದೋಷ ಹುಡುಕುತ್ತಾನೆ. ತಪ್ಪುತ್ತಾನೆ, ಕಲಿಯುತ್ತಾನೆ. ಕೆಲವು ದಿನ ಸದ್ದು ಹೆಚ್ಚಾಗಿ, ಎಲ್ಲಿಯೂ ಕೂರಲಾಗದೆ ಬೀದಿ ಸುತ್ತುತ್ತಾನೆ. ಆಗ ಹೆಂಡತಿಯೂ ಜೊತೆಗೆ ನಡೆಯುತ್ತಾಳೆ.

ಹೀಗಿರುವಾಗ ಒಂದು ಬೆಳಿಗ್ಗೆ ಮಾತ್ರೆ ತರಲು ಹೋದ ಮೇಸ್ತ್ರಿ ಆರೋಗ್ಯ ಕೇಂದ್ರದ ಬೆಂಚಿನಲ್ಲಿ ಕೂತಿದ್ದ. ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರ್. ಅವನು ಮತ್ತೆ ಮತ್ತೆ ತಲೆ ಕೊಡವುತ್ತಿದ್ದ, ಕಿವಿಗೆ ಬೆರಳು ಹಾಕಿ ಅಲ್ಲಾಡಿಸುತ್ತಿದ್ದ.

"ಏನಾಯ್ತು?" ಎಂದ ಮೇಸ್ತ್ರಿ.

"ಏನಿಲ್ಲ ಅಣ್ಣ. ಲಾರಿ ಇಂಜಿನ್ ಸದ್ದು ತಲೇಲೇ ಕೂತುಬಿಟ್ಟಿದೆ."

"ಸೂಜಿ ತಗೋತಿದ್ದೀಯಾ?"

"ಹೂಂ, ಹೋದ ತಿಂಗಳಿಂದ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಒಳಗೆ ಹೇಳಿದ್ಯಾ?"

"ಇದನ್ನೆಲ್ಲ ಏನಂತ ಹೇಳೋದು? ಅವರಿಗೆ ಬೇರೆ ಕೆಲಸ ಇಲ್ವಾ?"

ಮೇಸ್ತ್ರಿ ಅವನ ಮಣಿಕಟ್ಟು ಹಿಡಿದು ಎಬ್ಬಿಸಿದ. ಸಾಲಿನಲ್ಲಿದ್ದವರು "ಏಯ್, ಏಯ್" ಎಂದು ಕೂಗಿದರು. ಒಬ್ಬಳು ಅಜ್ಜಿ ಬೈದಳು. ಮೇಸ್ತ್ರಿ ಯಾರ ಮಾತಿಗೂ ನಿಲ್ಲದೆ, ನರ್ಸಮ್ಮ ಸೂಜಿಗೆ ಔಷಧ ತುಂಬುತ್ತಿದ್ದ ಮೇಜಿನ ಮುಂದೆಯೇ ಅವನನ್ನು ನಿಲ್ಲಿಸಿದ.

"ಹೇಳು. ನನಗೆ ಹೇಳಿದ್ದನ್ನ ಇವರಿಗೆ ಹೇಳು."

ಡ್ರೈವರ್ ಹೇಳಿದ. ನರ್ಸಮ್ಮ ಸೂಜಿಯನ್ನು ಟ್ರೇಯಲ್ಲಿಟ್ಟು ಡಾಕ್ಟರ ಕೋಣೆಗೆ ಹೋದಳು. ಅವತ್ತು ಸೂಜಿ ಹಾಕಲಿಲ್ಲ. ಕಿವಿ ಪರೀಕ್ಷೆಯಾಯಿತು, ಔಷಧ ಬದಲಾಯಿತು. ಡ್ರೈವರನ ಸದ್ದು ಬೆಳೆಯದೆ ಅಲ್ಲಿಗೇ ನಿಂತಿತು, ಬರಬರುತ್ತಾ ಕಡಿಮೆಯೂ ಆಯಿತು.

ಅದನ್ನು ಕೇಳಿ ಮೇಸ್ತ್ರಿಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಸಂಜೆ ಹೆಂಡತಿಯ ಹತ್ತಿರ, "ನನ್ನನ್ನೂ ಯಾರಾದರೂ ಹಾಗೆ ಎಳ್ಕೊಂಡು ಹೋಗಿದ್ದರೆ" ಎಂದ. ಅವಳು ಅವನ ಕೈ ಹಿಡಿದುಕೊಂಡಳು.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಿಮ್ಮ ಮನೆಯಲ್ಲಿ ಯಾರಾದರೂ ದೀರ್ಘ ಕಾಲದ ಔಷಧ ತೆಗೆದುಕೊಳ್ಳುತ್ತಿದ್ದಾರೆಯೇ? ಇವತ್ತು ಅವರ ಪಕ್ಕ ಕೂತು ಕೇಳಿ: ಕಿವಿಯಲ್ಲಿ ಸದ್ದು ಬರುತ್ತಿದೆಯೇ, ಮಾತು ಮಸುಕಾಗಿದೆಯೇ, ತಲೆ ತಿರುಗುತ್ತಿದೆಯೇ? ಹೌದು ಎಂದರೆ ಔಷಧವನ್ನು ನೀವಾಗಿ ನಿಲ್ಲಿಸಬೇಡಿ, ಮುಂದಿನ ಭೇಟಿಯವರೆಗೆ ಕಾಯಲೂ ಬೇಡಿ. ಅವರನ್ನು ಕರೆದುಕೊಂಡು ನಡೆಯಿರಿ. ಸದ್ದು ಈಗಾಗಲೇ ಉಳಿದುಹೋಗಿದ್ದರೆ ನಾಚಬೇಡಿ, ಒಬ್ಬರೇ ಅನುಭವಿಸಬೇಡಿ. ಆ ಸದ್ದು ನಿಮ್ಮ ಹೊರತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಅದಕ್ಕೇ ನೀವು ಬಾಯಿಬಿಟ್ಟು ಹೇಳಬೇಕು, ಯಾರೂ ಕೇಳದಿದ್ದರೂ ಹೇಳಬೇಕು.