ಅರ್ಹತೆಯ ಮೊದಲ ಸಾಲು

ಕೈ ಹಣೆಯಿಂದ ಎದೆಗಿಳಿದು, ಎಡಭುಜ ಮುಟ್ಟಿ ಬಲಭುಜದ ಕಡೆ ಹೊರಟ ಮೇಲೆಯೇ ಗಿರಿಜಾಳಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿದದ್ದು. ಅರ್ಧಕ್ಕೆ ನಿಲ್ಲಿಸಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಪೂರ್ತಿ ಮಾಡಿದಳು. ಬೆಳಗಿನ ಪ್ರಾರ್ಥನೆಗೆ ಸಾಲುಗಟ್ಟಿದ್ದ ಎಂಟುನೂರು ಹುಡುಗಿಯರು, ಪಕ್ಕದಲ್ಲಿ ನಿಂತ ನಲವತ್ತು ಲೆಕ್ಚರರುಗಳು, ಎಲ್ಲರ ಕಣ್ಣೂ ಒಮ್ಮೆಲೇ ಅವಳ ಬಲಗೈಯ ಮೇಲೆ ಬಂದು ಕೂತವು.

ವಿಶಾಖಪಟ್ಟಣದ ಆ ಹೆಣ್ಣುಮಕ್ಕಳ ಕಾಲೇಜು ಕಥೋಲಿಕ ಸಿಸ್ಟರುಗಳದು. ಅಲ್ಲಿನ ನಿಯಮದ ಪುಸ್ತಕದ ಪ್ರಕಾರ ಬೆಳಗಿನ ಪ್ರಾರ್ಥನೆಯನ್ನು ಪ್ರಿನ್ಸಿಪಾಲರೇ ನಡೆಸಬೇಕು, ಶಿಲುಬೆಯ ಗುರುತು ಹಾಕಿ ಆರಂಭಿಸಿ ಶಿಲುಬೆಯ ಗುರುತು ಹಾಕಿ ಮುಗಿಸಬೇಕು. ಎಂಟು ತಿಂಗಳ ಹಿಂದೆ ಪ್ರಿನ್ಸಿಪಾಲ್ ಸಿಸ್ಟರಿಗೆ ಲಕ್ವ ಹೊಡೆದು, ವೈಸ್ ಪ್ರಿನ್ಸಿಪಾಲ್ ಆಗಿದ್ದ ಗಿರಿಜಾ ಇನ್‌ಚಾರ್ಜ್ ಆದಾಗ ಈ ನಿಯಮ ಎಲ್ಲರ ತಲೆ ತಿಂದಿತ್ತು. ಕುಂಕುಮ ಇಟ್ಟ ಹಾಸನದ ಹೆಂಗಸು ಶಿಲುಬೆಯ ಗುರುತು ಹಾಕುವುದು ಹೇಗೆ? ಕೊನೆಗೆ ಸಿಸ್ಟರುಗಳೇ ದಾರಿ ಹುಡುಕಿದರು. ಪ್ರಾರ್ಥನೆ ಓದುವುದು ಗಿರಿಜಾ, ಎಡಕ್ಕೆ ನಿಂತು ಗುರುತು ಹಾಕುವುದು ಫಿಸಿಕ್ಸಿನ ಸಿಸ್ಟರ್ ಶೌರಿ. ಬಾಯಿ ಒಬ್ಬರದು, ಕೈ ಇನ್ನೊಬ್ಬರದು. ಎರಡನ್ನೂ ದೇವರು ತಾನೇ ಜೋಡಿಸಿಕೊಳ್ಳುತ್ತಿದ್ದನೇನೋ, ಎಂಟು ತಿಂಗಳು ಯಾರೂ ತಕರಾರು ತೆಗೆದಿರಲಿಲ್ಲ.

ಅವತ್ತು ಹಾಗಾಗಲು ಕಾರಣವಿತ್ತು. ಅಚ್ಯುತಾಪುರದ ಕಡೆಯ ಕನಕಲಕ್ಷ್ಮಿ ಎಂಬ ಹಾಸ್ಟೆಲ್ ಹುಡುಗಿ ಟೈಫಾಯ್ಡ್ ಜೋರಾಗಿ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಎರಡು ದಿನ ಅವಳ ಪಕ್ಕ ಕೂತಿದ್ದ ಗಿರಿಜಾ ನೇರ ಅಲ್ಲಿಂದಲೇ ಪ್ರಾರ್ಥನೆಗೆ ಬಂದಿದ್ದಳು. ಕೊನೆಯಲ್ಲಿ ‘ನಮ್ಮ ಕನಕಲಕ್ಷ್ಮಿಯನ್ನು ಉಳಿಸಿಕೊಡು’ ಎಂದು ಪುಸ್ತಕದಲ್ಲಿಲ್ಲದ ಮಾತೊಂದನ್ನು ಸೇರಿಸಿದಾಗ ಕೈ ತಾನಾಗಿ ಎದ್ದಿತು. ಹುಡುಗಿ ಆ ಸಂಜೆಯೇ ಕಣ್ಣು ಬಿಟ್ಟು ಗಂಜಿ ಕೇಳಿದಳು. ಅದರಿಂದ ಗಿರಿಜಾಳ ಕಷ್ಟ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಯಾಕೆಂದರೆ ಮಧ್ಯಾಹ್ನದ ಟಿಫನ್ ಡಬ್ಬಿ ತೆರೆಯುವ ಹೊತ್ತಿಗೆ ಸ್ಟಾಫ್ ರೂಮಿನ ಮಾತಿನಲ್ಲಿ ಅವಳು ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಿಹೋಗಿದ್ದಳು. ಸಂಜೆಯೊಳಗೆ ಮೇರಿ ಗಿರಿಜಾ ಎಂದು ಹೆಸರೂ ಇಟ್ಟಾಗಿತ್ತು. ಜೂನಿಗೆ ಹೊಸ ಪ್ರಿನ್ಸಿಪಾಲರ ನೇಮಕ ಆಗಬೇಕೆಂಬುದು ಗೇಟಿನ ವಾಚ್‌ಮನ್‌ಗೂ ಗೊತ್ತಿತ್ತು. ಕಾಲೇಜಿಗೆ ಸ್ವಾಯತ್ತತೆ ಬರುವುದರಲ್ಲಿತ್ತು, ಹತ್ತು ವರ್ಷದಲ್ಲಿ ಯೂನಿವರ್ಸಿಟಿಯೇ ಆಗಬೇಕೆಂಬ ಆಸೆ ಸಿಸ್ಟರುಗಳಿಗೆ. ಅದಕ್ಕಾಗಿ ವಿಜಯವಾಡದ ಅವರ ಮುಖ್ಯ ಮಠದಲ್ಲಿ ‘ಮುಖ್ಯಸ್ಥರ ಅರ್ಹತೆಗಳು ಮತ್ತು ಕರ್ತವ್ಯಗಳು’ ಎಂಬ ಕಾಗದ ತಯಾರಾಗುತ್ತಿತ್ತು.

“ಬುದ್ಧಿವಂತರು ಮೇಡಮ್ ನೀವು. ಇಪ್ಪತ್ತೆರಡು ವರ್ಷದ ಸರ್ವೀಸಿಗೆ ಸಿಗದ್ದು ಐದು ಬೆರಳಿಗೆ ಸಿಗುತ್ತೆ,” ಎಂದಳು ತೆಲುಗು ವಿಭಾಗದ ರಾಜ್ಯಲಕ್ಷ್ಮಿ. ನಗುತ್ತಲೇ ಹೇಳಿದಳು. ಅಂಥವರು ಯಾವಾಗಲೂ ನಗುತ್ತಲೇ ಹೇಳುತ್ತಾರೆ.

ಊರಂಚಿನ ಗಾಜುವಾಕದ ಮನೆ ಸೇರುವಷ್ಟರಲ್ಲಿ ಸುದ್ದಿ ಬಸ್ಸಿಗಿಂತ ಮುಂಚೆ ಇಳಿದಿತ್ತು. ಅತ್ತೆ ಸೂರ್ಯಕಾಂತಮ್ಮನ ತವರು ಮೂರು ತಲೆಮಾರಿನಿಂದ ಇದೇ ಊರಿನಲ್ಲಿದ್ದ ಕನ್ನಡ ಕುಟುಂಬ. ಅವರ ಕನ್ನಡದಲ್ಲಿ ಅರ್ಧ ತೆಲುಗು.

“ಏಮ್ಮಾ ಗಿರಿಜಾ, ಪಕ್ಕದ ಮನೆಯೋರು ಬಂದು ಕೇಳ್ತಾ ಇದಾರೆ. ಕುರ್ಚಿಗೋಸ್ಕರ ಹಣೆ ಬೊಟ್ಟು ತೆಗಿತೀಯಾ?”

“ಯಾರು ಹೇಳಿದ್ರು ಅತ್ತೆ?”

“ಯಾರಾದ್ರೆ ಏನಮ್ಮಾ, ನೀನು ಇಲ್ಲ ಅನ್ನು, ಚಾಲು, ಅಷ್ಟು ಸಾಕು.”

ಬಂದರಿನ ಆಫೀಸಿನಿಂದ ಆಗಷ್ಟೇ ಬಂದಿದ್ದ ಗಂಡ ರಾಮಮೋಹನ್ ಪೇಪರಿನ ಹಿಂದಿನಿಂದ, “ಅವಳಿಷ್ಟ ಬಿಡಮ್ಮಾ,” ಎಂದ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು, ಮಾಡು ಎಂದಿದ್ದರೂ ಜಗಳವಾಡಬಹುದಿತ್ತು. ಈ ಮನುಷ್ಯ ಜಗಳಕ್ಕೂ ಜಾಗ ಕೊಡುವವನಲ್ಲ. ಗಿರಿಜಾ ಒಳಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದಳು.

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಅವಳು ಹದಿನೈದು ದಿನ ತೆಗೆದುಕೊಂಡಳು. ಯಾರ ಮುಂದೆಯೂ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅವಳಿಗೆ ಆ ಹುದ್ದೆ ಬೇಕಿತ್ತು. ಸುತ್ತಿ ಬಳಸಿ ಹೇಳುವುದೇನು, ಆಸೆಯಿಂದ ಹೊಟ್ಟೆ ಸುಡುವಷ್ಟು ಬೇಕಿತ್ತು. ಲ್ಯಾಬಿನ ಗ್ಯಾಸ್ ಪೈಪಿನಿಂದ ಹಿಡಿದು ಯಾವ ಹುಡುಗಿಯ ಅಪ್ಪ ಕುಡಿದು ಗೇಟಿಗೆ ಬರುತ್ತಾನೆಂಬುದರ ತನಕ ಈ ಎಂಟು ತಿಂಗಳಲ್ಲಿ ಅವಳಿಗೆ ತಿಳಿಯದ್ದು ಉಳಿದಿರಲಿಲ್ಲ. ಇದನ್ನೆಲ್ಲ ಜೂನ್ ಒಂದನೇ ತಾರೀಕು ಇನ್ಯಾರಿಗೋ ಒಪ್ಪಿಸಿ ಮತ್ತೆ ಪಕ್ಕದ ಸಣ್ಣ ಕೋಣೆಗೆ ಹೋಗುವುದನ್ನು ನೆನೆದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಸಿಸ್ಟರುಗಳ ದನಿ ಮೆದುವಾಗಿತ್ತು. ಪ್ರಾರ್ಥನಾಲಯದ ಎರಡನೇ ಬೆಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರತೊಡಗಿದರು. ಯಾರೂ ಕರೆಯಲಿಲ್ಲ, ಬರೀ ಜಾಗ ಬಿಟ್ಟರು. ಅದನ್ನು ಕಿಟಕಿಯಿಂದ ನೋಡಿದ ದಿನ ಗಿರಿಜಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಬಾಯಿ ಬಿಡಲಿಲ್ಲ.

ಮೇ ಎರಡನೇ ವಾರ ವಿಜಯವಾಡದಿಂದ ಕರೆ ಬಂತು. ಇಡೀ ಪ್ರಾಂತದ ಸಿಸ್ಟರುಗಳಿಗೆ ಹಿರಿಯರಾದ ಮದರ್ ಲೂರ್ದ್ ಅವಳನ್ನೂ ಸಿಸ್ಟರ್ ಶೌರಿಯನ್ನೂ ಬರಹೇಳಿದ್ದರು. ಶೌರಿ ಗುಂಟೂರಿನ ಕಡೆಯವಳು, ಮೂವತ್ತೊಂಬತ್ತರ ವಯಸ್ಸು, ಒಂದು ಕಾಲಕ್ಕೆ ಗಿರಿಜಾಳ ವಿದ್ಯಾರ್ಥಿನಿ. ರೈಲಿನಲ್ಲಿ ಅವಳು ದಾರಿಯುದ್ದಕ್ಕೂ ಜಪಸರ ತಿರುಗಿಸಿದಳು. ಗಿರಿಜಾ ಬ್ಯಾಗಿನ ಸಾಮಾನು ಮೂರು ಸಲ ತೆಗೆದು ಮೂರು ಸಲ ಜೋಡಿಸಿದಳು.

ಮಠವಿದ್ದದ್ದು ಗುಣದಲದ ಗುಡ್ಡದ ಹತ್ತಿರ. ಮರುದಿನ ಬೆಳಿಗ್ಗೆ ಹತ್ತಕ್ಕೆಲ್ಲ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಫ್ಯಾನಿನ ಕೆಳಗಿನ ಮೇಜಿನ ಸುತ್ತ ಮದರ್, ಇಬ್ಬರು ಹಿರಿಯ ಸಿಸ್ಟರುಗಳು, ಕಾಲೇಜಿನ ವಕೀಲ ಸತ್ಯಮೂರ್ತಿ. ಶೌರಿಯನ್ನು ಹೊರಗಿನ ವರಾಂಡದಲ್ಲಿ ಕೂರಿಸಿದ್ದರು. ವಕೀಲರು ಟೈಪ್ ಮಾಡಿದ ಹಾಳೆಯೊಂದನ್ನು ಗಿರಿಜಾಳ ಮುಂದೆ ಸರಿಸಿದರು.

ಅವಳು ಕೆಳಗಿನಿಂದ ಮೇಲಕ್ಕೆ ಓದಿದಳು. ಒಳ್ಳೆಯ ಆರೋಗ್ಯ, ಅದಿತ್ತು. ಆಡಳಿತದ ಅನುಭವ, ಇತ್ತು. ಹದಿನೈದು ವರ್ಷದ ಬೋಧನೆ, ಅದಕ್ಕಿಂತ ಏಳು ವರ್ಷ ಹೆಚ್ಚೇ ಇತ್ತು. ಡಾಕ್ಟರೇಟ್, ಇಬ್ಬರು ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ಬರೆದದ್ದು, ಅದೂ ಇತ್ತು. ಮೊದಲ ಸಾಲಿಗೆ ಬಂದಾಗ ಕಣ್ಣು ನಿಂತಿತು. ‘ಮುಖ್ಯಸ್ಥರು ಈ ಮಠದ ಸಿಸ್ಟರ್ ಆಗಿರಬೇಕು’ ಎಂಬುದರ ಮೇಲೆ ಗೀಟು ಹಾಕಿ, ‘ಶ್ರದ್ಧೆಯಿಂದ ನಡೆದುಕೊಳ್ಳುವ ಕಥೋಲಿಕರಾಗಿರಬೇಕು’ ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು.

“ನೀವೆಲ್ಲ ಹೋಗಿ ಮಜ್ಜಿಗೆ ಕುಡೀರಿ,” ಎಂದು ಮದರ್ ಮಿಕ್ಕವರನ್ನು ತೆಲುಗಿನಲ್ಲೇ ಎಬ್ಬಿಸಿದರು. ಬಾಗಿಲು ಹಾಕಿದ ಮೇಲೆ ಅವರ ಮಾತು ಕನ್ನಡಕ್ಕೆ ತಿರುಗಿತು. ಮದರ್ ಲೂರ್ದ್ ಕೂಡ ಹಾಸನ ಜಿಲ್ಲೆಯವರೇ. ಎಪ್ಪತ್ತು ದಾಟಿದ್ದರೂ ಊರಿನ ದನಿ ಬಿಟ್ಟಿರಲಿಲ್ಲ.

“ಆ ಗೀಟು ನಂದೇ ಕಣವ್ವ. ಮೂವತ್ತು ವರ್ಸದಿಂದ ಇದ್ದ ಮಾತು ಹೊಡೆದಾಕಿದೀನಿ. ಯಾಕೆ ಅಂತ ಗೊತ್ತಾಯ್ತಾ?”

ಗಿರಿಜಾ ನೀಲಿ ಸಾಲನ್ನು ಇನ್ನೊಮ್ಮೆ ಓದಿದಳು.

“ನಮ್ಮ ಸಿಸ್ಟರ್ಸು ಕಾಗ್ದ ಬರ್ದಿದ್ರು. ಪ್ರಾರ್ಥನೇಲಿ ನೀನು ಶಿಲುಬೆ ಗುರುತು ಹಾಕ್ದೆ, ಆ ಮಗು ಉಳ್ಕಂತು, ನಿನ್ನ ಮನಸ್ಸು ತಿರುಗೈತೆ ಅಂತ. ಹದಿನೈದು ದಿನದಿಂದ ನೀನು ಅಲ್ಲ ಅಂದಿಲ್ಲ ಅಂತ್ಲೂ ಬರ್ದವ್ರೆ. ನೀನು ಹೌದು ಅಂದ್ರೆ ಸಾಕು. ಜೂನಿಗೆ ನೀನೇ. ನಾನು ಇಲ್ಲೇ ಸೈನ್ ಹಾಕ್ತೀನಿ.”

ಫ್ಯಾನು ಹಾಳೆಯ ಮೂಲೆಯನ್ನು ಎತ್ತಿ ಎತ್ತಿ ಬಿಡುತ್ತಿತ್ತು. ಗಿರಿಜಾ ಅದರ ಮೇಲೆ ಬೆರಳೂರಿದಳು. ಹೌದು ಎನ್ನುವುದು ಪೂರ್ತಿ ಸುಳ್ಳೂ ಆಗಿರಲಿಲ್ಲ, ಕಷ್ಟವಿದ್ದದ್ದೇ ಅಲ್ಲಿ. ಆ ಬೆಳಿಗ್ಗೆ ಅವಳು ಯಾರನ್ನೋ ನಿಜವಾಗಿಯೂ ಬೇಡಿಕೊಂಡಿದ್ದಳು. ಮನೆಯ ದೇವರ ಮುಂದೆ ಕೂಡ ಹಾಗೆ ಬೇಡಿಕೊಂಡ ನೆನಪು ಅವಳಿಗಿರಲಿಲ್ಲ. ಒಂದು ಶಬ್ದ ಹೇಳಿದರೆ ಕಾಲೇಜು ಅವಳದು. ಅತ್ತೆ ನಾಲ್ಕು ದಿನ ಊಟ ಬಿಡುತ್ತಾರೆ, ಆಮೇಲೆ ಮಾಡುತ್ತಾರೆ. ರಾಮಮೋಹನ್ ಪೇಪರ್ ಓದುತ್ತಾನೆ. ರಾಜ್ಯಲಕ್ಷ್ಮಿಯ ನಗುವಿಗೆ ಯಾರು ಹೆದರುತ್ತಾರೆ?

“ಮದರ್,” ಎಂದಳು. “ಅವತ್ತು ಕೈ ಎದ್ದಿದ್ದು ಸುಳ್ಳಲ್ಲ. ಆದ್ರೆ ಅದನ್ನ ತಂದು ಈ ಕಾಗದದ ಮೇಲೆ ಇಟ್ರೆ ಸುಳ್ಳಾಗುತ್ತೆ.”

ಮದರ್ ಅವಳ ಬೆರಳಿನ ಕೆಳಗಿನಿಂದ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು.

“ನಾನು ಮೊದಲನೇ ದಿನವೇ ಎಲ್ಲರಿಗೂ ಅಲ್ಲ ಅನ್ಬೇಕಿತ್ತು. ಅನ್ನಲಿಲ್ಲ. ಈ ಕುರ್ಚಿ ಆಸೆಗೆ ಅನ್ನಲಿಲ್ಲ. ಕ್ಷಮಿಸಿ.”

“ನೀನು ಹೌದು ಅಂದಿದ್ರೆ ನಾನು ನಂಬ್ತಿದ್ದೆ ಕಣೇ,” ಎಂದರು ಮದರ್ ಮೆಲ್ಲಗೆ. ಅದು ಬೈಗುಳವೋ ಸಂಕಟವೋ ಗಿರಿಜಾಳಿಗೆ ತಿಳಿಯಲಿಲ್ಲ. ಅವರು ಪೆನ್ನು ತೆಗೆದು ನೀಲಿ ಅಕ್ಷರದ ಮೇಲೆ ಗೀಟು ಹಾಕಿ, ಹೊಡೆದಿದ್ದ ಹಳೆಯ ಸಾಲನ್ನೇ ಅದರ ಮೇಲೆ ಮತ್ತೆ ಬರೆದರು. ಮುದಿ ಕೈ, ಬರೆಯಲು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಗಿರಿಜಾ ಎದುರಿಗೆ ಕೂತು ನೋಡಿದಳು.

ಆಮೇಲೆ ಎಲ್ಲ ಬೇಗ ಮುಗಿಯಿತು. ಶೌರಿಯನ್ನು ಒಳಗೆ ಕರೆದು, ಜೂನಿನಿಂದ ಅವಳೇ ಪ್ರಿನ್ಸಿಪಾಲ್ ಎಂದು ಹೇಳಿದರು. ಅವಳು ಅತ್ತಳು. ಖುಷಿಗಲ್ಲ, ಹೆದರಿಕೆಗೆ. ಅರ್ಹತೆಗಳ ಹಾಳೆಗೆ ಸಿಬ್ಬಂದಿಯ ಪರವಾಗಿ ಗಿರಿಜಾಳ ಸಹಿಯೂ ಬೇಕೆಂದು ವಕೀಲರು ಜ್ಞಾಪಿಸಿದರು. ಮಾಡಿದಳು. ಕರ್ತವ್ಯಗಳ ಹಾಳೆ ಇನ್ನೂ ಖಾಲಿಯಿತ್ತು. ಅದನ್ನು ಊರಿಗೆ ಹೋದ ಮೇಲೆ ಬರೆದು ಕಳಿಸಿದರೆ ಸಾಕೆಂದು ಮದರ್ ಹೊಸ ಪ್ರಿನ್ಸಿಪಾಲರ ಕೈಗೆ ಕೊಟ್ಟರು.

ಮಧ್ಯಾಹ್ನದ ರೈಲಿನಲ್ಲಿ ಗಿರಿಜಾ ವಾರಪತ್ರಿಕೆಯೊಂದನ್ನು ಮುಖಕ್ಕೆ ಅಡ್ಡ ಹಿಡಿದು ಕೂತಳು. ಒಂದು ಸಾಲೂ ತಲೆಗೆ ಹೋಗಲಿಲ್ಲ. ಒಳ್ಳೆಯವಳಾದೆನೆಂಬ ಸಮಾಧಾನ ಎಳ್ಳಷ್ಟೂ ಇರಲಿಲ್ಲ, ಪೆದ್ದಿಯಾದೆನೆಂಬುದಷ್ಟೇ ಇತ್ತು. ಏಲೂರು ಹೋಯಿತು. ಪಕ್ಕದಲ್ಲಿ ಶೌರಿ ತೊಡೆಯ ಮೇಲೆ ನೋಟ್‌ಬುಕ್ ತೆರೆದು, ಮುಚ್ಚಿ, ಮತ್ತೆ ತೆರೆದಳು. ಇಬ್ಬರ ನಡುವಿನ ಮಾತು ಯಾವತ್ತೂ ತೆಲುಗಿನಲ್ಲೇ.

“ಮೇಡಮ್, ಪ್ರಿನ್ಸಿಪಾಲ್ ಮೊದಲು ಏನು ಮಾಡಬೇಕು?”

“ನಿಯಮದ ಪುಸ್ತಕ ಇದೆಯಲ್ಲ, ಓದಿ ಸಿಸ್ಟರ್.”

ಗೋದಾವರಿ ಸೇತುವೆ ದಾಟಿದ ಮೇಲೆ ಶೌರಿ ತನ್ನಷ್ಟಕ್ಕೆ ಗುನುಗುತ್ತ ಬರೆಯತೊಡಗಿದಳು. “ಒಂದು. ಹಾಸ್ಟೆಲಿಗೆ ತಡವಾಗಿ ಬಂದ ಹುಡುಗಿಯರನ್ನು ಗೇಟಿನ ಹೊರಗೇ ನಿಲ್ಲಿಸಬೇಕು.”

ಗಿರಿಜಾ ಪತ್ರಿಕೆಯ ಹಿಂದೆ ಹಲ್ಲು ಕಚ್ಚಿದಳು. ಎಷ್ಟಾದರೂ ಮೇಷ್ಟರ ಜಾತಿ. ತಪ್ಪು ಉತ್ತರ ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಎಲ್ಲಿಂದ ಬರಬೇಕು?

“ಹೊಡೆದು ಹಾಕಿ ಅದನ್ನ,” ಎಂದಳು ಪತ್ರಿಕೆ ಇಳಿಸಿ. “ಮೊದಲು ಒಳಗೆ ಕರೀಬೇಕು. ನೀರು ಕೊಡಬೇಕು. ಯಾಕೆ ತಡವಾಯ್ತು ಅಂತ ಆಮೇಲೆ ಕೇಳಬೇಕು. ಹೊರಗೆ ನಿಂತ ಹುಡುಗಿ ನಿಜ ಹೇಳಲ್ಲ.”

ಶೌರಿ ಹೊಡೆದು ಹಾಕಿ ಬರೆದಳು. “ಎರಡು?”

ಎರಡು ಬಂತು, ಮೂರು ಬಂತು. ಆಸ್ಪತ್ರೆಯಿಂದ ಫೋನ್ ಬಂದರೆ ವಾರ್ಡನ್ನನ್ನು ಕಳಿಸದೆ ತಾನೇ ಹೋಗಬೇಕು. ಕುಡಿದು ಬಂದ ಅಪ್ಪನನ್ನು ಮಗಳ ಎದುರಿಗೆ ಬಯ್ಯಬಾರದು. ಸ್ಟಾಫ್ ರೂಮಿಗೆ ಹೋಗುವಾಗ ಚಪ್ಪಲಿಯ ಸದ್ದು ಮಾಡುತ್ತ ಹೋಗಬೇಕು, ಅವರಿಗೆ ಮಾತು ಬದಲಿಸಲು ಸಮಯ ಸಿಗಲಿ. ಶೌರಿಗೆ ನಗು ಬಂತು. ಗಿರಿಜಾ ನಗಲಿಲ್ಲ, ಹೇಳುತ್ತ ಹೋದಳು. ಅನ್ನವರಂ ದಾಟುವಾಗ ಹನ್ನೆರಡು ಕರ್ತವ್ಯಗಳಾಗಿದ್ದವು. ಮೂರು ದಿನದಿಂದ ನಿದ್ದೆಗೆಟ್ಟಿದ್ದ ಶೌರಿ ಹದಿಮೂರು ಎಂದು ಬರೆದು ಮುಂದಿನದಕ್ಕೆ ಕಾಯುತ್ತಲೇ ತೂಕಡಿಸಿ ಗಿರಿಜಾಳ ಭುಜಕ್ಕೆ ಒರಗಿದಳು. ಪೆನ್ನು ಜಾರಿತು.

ಗಿರಿಜಾ ಅದನ್ನು ಎತ್ತಿಕೊಂಡು, ನೋಟ್‌ಬುಕ್ಕನ್ನು ತನ್ನ ತೊಡೆಗೆಳೆದುಕೊಂಡಳು. ಹದಿಮೂರರ ಮುಂದೆ ಬರೆದಳು, ಹಾಳೆ ತಿರುಗಿಸಿ ಮತ್ತೂ ಬರೆದಳು. ಹೊರಗೆ ಕತ್ತಲಾಗುತ್ತಿತ್ತು. ಅನಕಾಪಲ್ಲಿ ಬಂತು, ಹೋಯಿತು. ದುವ್ವಾಡದಲ್ಲಿ ರೈಲು ನಿಂತಾಗ ಇಪ್ಪತ್ತಾರನೆಯದು ನಡೆಯುತ್ತಿತ್ತು. ಗಾಜುವಾಕದವರೆಲ್ಲ ಇಳಿಯುವ ಸ್ಟೇಷನ್ ಅದು. ಜನ ಬ್ಯಾಗು ಎತ್ತಿಕೊಂಡು ಅವಳ ಕಾಲು ದಾಟಿ ಇಳಿದರು. ಪ್ಲಾಟ್‌ಫಾರಂನ ದೀಪದ ಕೆಳಗೆ ರಾಮಮೋಹನ್ ಸ್ಕೂಟರಿನ ಕೀ ಹಿಡಿದು ಒಂದೊಂದೇ ಬೋಗಿ ನೋಡುತ್ತ ಬರುತ್ತಿದ್ದ. ಗಿರಿಜಾ ಕಿಟಕಿಯಿಂದ ಎಡಗೈ ಆಚೆ ಹಾಕಿ, ಊರೊಳಗಿನ ಸ್ಟೇಷನ್ನಿಗೇ ಬಾ ಎಂದು ಸನ್ನೆ ಮಾಡಿದಳು. ಅವನಿಗೆ ತಿಳಿಯಲಿಲ್ಲ, ಯಾಕೆ ಎಂದು ಕೈಯಾಡಿಸಿದ. ಅವಳು ಶೌರಿ ಒರಗಿದ್ದ ಭುಜ ಅಲುಗದ ಹಾಗೆ ಕೈ ಒಳಗೆ ತೆಗೆದುಕೊಂಡು ಇಪ್ಪತ್ತಾರನ್ನು ಮುಗಿಸಿದಳು. ರೈಲು ಹೊರಟಿತು.