ಹಾವಿನ ಬಂಡಿಯ ಹಳದಿ ದೀಪ

ಕರೆಂಟು ಬಂತೆಂದು ಬಿ.ದುರ್ಗದ ಶಿವಗಂಗಮ್ಮ ತೋಟಕ್ಕೆ ಓಡಿದರೆ, ಅಷ್ಟರಲ್ಲಿ ಮೋಟರು ನಿಂತಿರುತ್ತಿತ್ತು. ಸ್ಟಾರ್ಟರಿನ ಗುಂಡಿ ಒತ್ತಿದರೆ ಗುರ್ರೆನ್ನುವುದು, ಮತ್ತೆ ಟಪ್ಪೆಂದು ನಿಲ್ಲುವುದು. ಈ ಕಾಟ ಯಾವ ಊರಿನ ತೋಟದಲ್ಲಿಲ್ಲ ಹೇಳಿ? ಅದಕ್ಕೆ ಆಕೆಯ ಅಣ್ಣ ಕರಿಯಣ್ಣನ ಹತ್ತಿರ ಒಂದೇ ಮದ್ದು. ಬೇಲಿಯ ಜಾಲಿ ಕಡ್ಡಿ ಮುರಿದು, ತುದಿ ಕೆತ್ತಿ, ಹಸಿರು ಗುಂಡಿ ಮೇಲೇಳದಂತೆ ಸಿಗಿಸಿಬಿಡುವುದು.

"ನೋಡು, ಈಗ ಎಂಗೆ ಓಡ್ತೈತೆ! ಅದ್ಕೆ ಕೊಬ್ಬು ಕಣೇ. ಹಿಂಗೆ ಮೂಗುದಾರ ಹಾಕ್ಬೇಕು" ಅನ್ನುತ್ತಿದ್ದ.

ಮೋಟರು ಓಡಿತು. ಬೇಸಿಗೆ ಮುಗಿಯುವ ಮೊದಲೇ ಒಳಗಿನ ತಂತಿಯೆಲ್ಲ ಸುಟ್ಟು ಕರಕಲಾಯಿತು. ಕರಿಯಣ್ಣ ಮಾತ್ರ ಮೋಟರೇ ಸರಿಯಿಲ್ಲ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೋಟರು ರಿಪೇರಿಯಾಗಿ ಬಂದ ದಿನವೇ ಜಾಲಿ ಕಡ್ಡಿಯೂ ತನ್ನ ಜಾಗಕ್ಕೆ ಬಂತು.

ಹಾಗೆಂದು ಕರಿಯಣ್ಣನನ್ನು ದಡ್ಡ ಅನ್ನಬೇಡಿ. ಹಿರಿಯೂರಿನ ಹೆದ್ದಾರಿ ಪಕ್ಕದ ಆಟದ ಪಾರ್ಕಿನಲ್ಲಿ ರೋಲರ್ ಕೋಸ್ಟರ್ ಓಡಿಸುತ್ತಿದ್ದವನು ಅವನೇ. ಸುತ್ತಲಿನ ಜನ ಅದಕ್ಕೆ ಹಾವಿನ ಬಂಡಿ ಎಂದು ಹೆಸರಿಟ್ಟಿದ್ದರು. ಮೀಸೆ ಕಪ್ಪಗಿದ್ದಾಗ ಆ ಕೆಲಸಕ್ಕೆ ಸೇರಿದವನು, ಈಗ ಮೀಸೆ ಪೂರಾ ಬೆಳ್ಳಗಾಗಿದೆ. ಜನ ಕುಳಿತ ಮೇಲೆ ಅವನು ಬಂಡಿಯ ಉದ್ದಕ್ಕೂ ನಡೆದು, ಪ್ರತಿಯೊಬ್ಬರ ಮಡಿಲ ಮೇಲಿನ ಕಬ್ಬಿಣದ ಪಟ್ಟಿಯನ್ನು ಎರಡೂ ಕೈಯಿಂದ ಒತ್ತುತ್ತಿದ್ದ. ಆಮೇಲೆ ಮೇಲಕ್ಕೆ ಜಗ್ಗಿ ನೋಡುತ್ತಿದ್ದ. ಮಂತ್ರಿಯ ಮಗನಿದ್ದರೂ ಬಿಡುತ್ತಿರಲಿಲ್ಲ, ಮೈಯೆಲ್ಲ ಕಣ್ಣಾಗಿ ಕೆಲಸ ಮಾಡುತ್ತಿದ್ದ. ಅವನ ಕೈಯಲ್ಲಿ ಒಂದು ಮಗುವಿನ ಮೊಣಕಾಲೂ ತರಚಿರಲಿಲ್ಲ. ಅಂಥವನನ್ನು ಹೊಗಳದೆ ಇನ್ನಾರನ್ನು ಹೊಗಳೋಣ?

ಬಂಡಿಗೂ ವಯಸ್ಸಾಯಿತಲ್ಲ, ಪಾರ್ಕಿನವರು ಅದರ ಹಳೆಯ ಹಿಡಿಕೆ, ಗಂಟೆ ತೆಗೆಸಿ ಹೊಸ ಕಂಟ್ರೋಲ್ ಪ್ಯಾನೆಲ್ ಹಾಕಿಸಿದರು. ಅದನ್ನು ಕೂರಿಸಿದವರು ಹೊಸದುರ್ಗದ ಇಂಜಿನಿಯರ್ ಸುಚಿತ್ರಾ. ಪ್ರತಿ ಪಟ್ಟಿಯ ಕೊಂಡಿಯ ಬಳಿ ಒಂದೊಂದು ಸೆನ್ಸರ್ ಇಟ್ಟರು. ಕೊಂಡಿಯ ಕಬ್ಬಿಣದ ನಾಲಿಗೆ ಪೂರ್ತಿ ಒಳಗೆ ಕೂತರೆ ಹಸಿರು ದೀಪ. ಕೂರದಿದ್ದರೆ ಹಳದಿ, ಬಂಡಿ ಹೊರಡುವುದೇ ಇಲ್ಲ, ಏರುವಾಗ ಹಳದಿಯಾದರೆ ಅಲ್ಲೇ ನಿಲ್ಲುತ್ತದೆ.

ಶುರುವಾಯಿತು ನೋಡಿ ಫಜೀತಿ. ಬಂಡಿ ಹೊರಟರೆ ನಿಲ್ಲುವುದು, ನಿಂತರೆ ಹೊರಡದಿರುವುದು. ಒಮ್ಮೆ ಏರಿನ ತುದಿಯಲ್ಲೇ ನಿಂತುಬಿಟ್ಟಿತು. ಮೇಲಿದ್ದ ಹೊಳಲ್ಕೆರೆಯ ರೇವಣಸಿದ್ದಪ್ಪ ಎಂಬ ಹಿರಿಯರು, "ಇಲ್ಲಿಂದ ಗುಡ್ಡದ್ ಮ್ಯಾಲಿನ್ ಗಾಳಿ ಕರೆಂಟಿನ್ ಫ್ಯಾನೆಲ್ಲ ಕಾಣ್ತಾವೆ ಕಣೇ" ಎಂದು ಮನೆಗೆ ಫೋನ್ ಮಾಡಿ, ಜೇಬಿನ ಮಂಡಕ್ಕಿಯನ್ನೂ ತಿಂದು ಮುಗಿಸಿದರು. ಕರಿಯಣ್ಣ ಎಲ್ಲರನ್ನೂ ಮೆಟ್ಟಿಲಿನಲ್ಲಿ ಕೈಹಿಡಿದು ಇಳಿಸಬೇಕಾಯಿತು.

"ಮೇಡಂ, ಹಳೇದು ಹೇಳಿದ್ ಮಾತು ಕೇಳ್ತಿತ್ತು" ಎಂದು ಅವನು ಸುಚಿತ್ರಾ ಬಂದಾಗ ದೂರಿದ. "ಇದು ಹೊಸ ಅಳಿಯ ಇದ್ದಂಗೆ ಐತೆ. ಎಲ್ಲಾದ್ಕೂ ಮುನಿಸ್ಕಂತೈತೆ."

ಸುಚಿತ್ರಾ ನಕ್ಕರು. "ಮೊದ್ಲು ನಿಂತಿದ್ದು ನಮ್ ತಪ್ಪೇ, ಕರಿಯಣ್ಣಾರೆ. ಇಲ್ಲಿ ಇಷ್ಟೊಂದು ಕೆಂಧೂಳು ಐತೆ ಅಂತ ನಾವು ಲೆಕ್ಕಕ್ಕೆ ತಗಳ್ಳಿಲ್ಲ. ಸೆನ್ಸರ್ ಮ್ಯಾಲೆ ಧೂಳು ಕುಂತಿತ್ತು. ಹಳೇ ಬಂಡಿ ಅದುರೋದಕ್ಕೆ ವೈರ್ ಸಡ್ಲ ಆಗಿದ್ವು. ಸುಳ್ಳು ಕೂಗು ಜಾಸ್ತಿ ಆದ್ರೆ ನಿಜವಾದ್ ಕೂಗನ್ನೂ ಯಾರೂ ನಂಬಲ್ಲ. ಅದ್ಕೇ ಎಲ್ಲಾನೂ ಬಿಗಿ ಮಾಡಿ, ಧೂಳು ಹೋಗ್ದಂಗೆ ಮುಚ್ಚಳ ಹಾಕೀನಿ. ಇನ್ಮ್ಯಾಲೆ ಹಳದಿ ದೀಪ ಹತ್ತಿದ್ರೆ ಬೈಬ್ಯಾಡ್ರಿ, ನನ್ನ ಕರೀರಿ."

ಎಷ್ಟು ಜನ ಹೀಗೆ ತಪ್ಪು ಒಪ್ಪಿಕೊಳ್ಳುತ್ತಾರೆ? ನನಗಂತೂ ಆ ಹೆಣ್ಣುಮಗಳ ಮೇಲೆ ಗೌರವ ಬಂತು. ಆದರೆ ಕರಿಯಣ್ಣ ತಲೆಯಾಡಿಸಿದನೇ ಹೊರತು ನಂಬಲಿಲ್ಲ. ಇನ್ನೊಂದು ವಿಷಯವನ್ನು ಅವನು ಆಕೆಗೆ ಹೇಳಲೂ ಇಲ್ಲ. ನೋಡಲಿಕ್ಕೆ ಮಿಷನ್ ಇದೆಯಲ್ಲ ಎಂದು ಪಟ್ಟಿ ಜಗ್ಗಿ ನೋಡುವುದನ್ನೇ ಅವನು ಬಿಟ್ಟುಬಿಟ್ಟಿದ್ದ. ಹೀಗೆ ದೀಪವನ್ನೂ ನಂಬಲಿಲ್ಲ, ಕೈಯನ್ನೂ ಬಳಸಲಿಲ್ಲ.

ಒಂದು ಭಾನುವಾರ ಶಿವಗಂಗಮ್ಮ ತನ್ನ ಸಂಘದ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು. ಮಾರಿಕಣಿವೆ ಡ್ಯಾಮು ನೋಡಿಕೊಂಡು, ಚಿತ್ರಾನ್ನದ ಡಬ್ಬಿಗಳ ಸಮೇತ ಸೀದಾ ಪಾರ್ಕಿಗೆ. ಅಣ್ಣನ ಬಂಡಿಯ ಬಗ್ಗೆ ಅವಳು ಊರಲ್ಲಿ ಕೊಚ್ಚಿಕೊಂಡದ್ದು ಅಷ್ಟಿಷ್ಟಲ್ಲ.

"ಕುಂತ್ಕಳ್ರೇ, ಭಯ ಯಾತಕ್ಕೆ? ಓಡ್ಸೋನು ನಮ್ಮಣ್ಣ!" ಎಂದು ಎಲ್ಲರನ್ನೂ ಹತ್ತಿಸಿ, ತಾನು ಬಂಡಿಯ ಮೂರನೇ ಡಬ್ಬಿಯಲ್ಲಿ ಸೆರಗು ಸಿಗಿಸಿಕೊಂಡು ಕುಳಿತಳು.

ಪ್ಯಾನೆಲ್ಲಿನಲ್ಲಿ ಒಂದೇ ಒಂದು ಹಳದಿ ದೀಪ ಹತ್ತಿತು. ಮೂರನೇ ಡಬ್ಬಿ. ಕರಿಯಣ್ಣ ಹೋಗಿ ತಂಗಿಯ ಪಟ್ಟಿಯನ್ನು ಒತ್ತಿದ, ಹಸಿರಾಯಿತು. ಪ್ಯಾನೆಲ್ಲಿಗೆ ಬಂದು ನಿಲ್ಲುವಷ್ಟರಲ್ಲಿ ಮತ್ತೆ ಹಳದಿ. ಮತ್ತೆ ಒತ್ತಿದ, ಮತ್ತೆ ಹಳದಿ. ಬೇಲಿಯಾಚೆ ಸಾಲಿನಲ್ಲಿದ್ದವರು ಸಿಳ್ಳೆ ಹಾಕತೊಡಗಿದರು.

"ತಾತ, ತಳ್ಳಾಣೇನು?" ಎಂದು ಯಾರೋ ಕೂಗಿದರು. ಎಲ್ಲರೂ ಘೊಳ್ಳೆಂದು ನಕ್ಕರು.

ಮ್ಯಾನೇಜರ್ ಚಿತ್ರಲಿಂಗಪ್ಪ ದೂರದಿಂದಲೇ ಕೈ ಬೀಸಿದರು. "ಏನಪ್ಪ ಕರಿಯಣ್ಣ, ಎಂಗಾನಾ ಮಾಡಿ ಬಿಡಪ್ಪ! ಜನ ಬೈತಾವ್ರೆ!"

ತಂಗಿಯ ಮುಂದೆ, ಊರ ಹೆಂಗಸರ ಮುಂದೆ ಹೀಗಾಗಬೇಕೆ? ಕರಿಯಣ್ಣನಿಗೆ ಮುಖ ಎತ್ತಲಾಗಲಿಲ್ಲ. ಅಷ್ಟು ವರ್ಷ ಸಂಪಾದಿಸಿದ ಹೆಸರು ಒಂದು ದೀಪದಿಂದ ಮಣ್ಣುಪಾಲಾಯಿತು ಅನ್ನಿಸಿತು. ಜೇಬಿನಲ್ಲಿ ಒಂದು ಕಬ್ಬಿಣದ ಚೂರಿತ್ತು, ಪ್ಯಾನೆಲ್ ಪಕ್ಕದಲ್ಲಿ ಗಮ್ ಟೇಪಿತ್ತು. ಸೆನ್ಸರಿಗೆ ಕಾಣಬೇಕಾದದ್ದು ಕಬ್ಬಿಣ ತಾನೇ? ಮೂರನೇ ಡಬ್ಬಿಯ ಬಳಿ ಬಗ್ಗಿ, ಚೂರನ್ನು ಸೆನ್ಸರಿನ ಮುಂದೆ ಅಂಟಿಸಿದ. ದೀಪ ಹಸಿರಾಯಿತು, ಹಸಿರಾಗಿಯೇ ನಿಂತಿತು. ಅವನು ಬಂದು ಹೊರಡುವ ಗುಂಡಿಯ ಮೇಲೆ ಬೆರಳಿಟ್ಟ.

ಆಗ ಶಿವಗಂಗಮ್ಮ ಅಲ್ಲಿಂದಲೇ ನಗುತ್ತಾ ಕೂಗಿದಳು. "ಏನಣ್ಣ, ಇದ್ಕೂ ಕಡ್ಡಿ ಸಿಗಿಸ್ದಾ?"

ಹೆಂಗಸರೆಲ್ಲ ನಕ್ಕರು. ಸುಟ್ಟ ಮೋಟರಿನ ಕಮರು ವಾಸನೆ ಕರಿಯಣ್ಣನ ಮೂಗಿಗೇ ಬಂದಂತಾಯಿತು. ಮೋಟರು ಸುಟ್ಟರೆ ಹೊಸ ತಂತಿ ಸುತ್ತಿಸಬಹುದು, ಆದರೆ ಅಲ್ಲಿ ಕುಳಿತವಳು ಅವನ ಬೆನ್ನಿಗೆ ಬಿದ್ದ ತಂಗಿ.

ಬೆರಳು ತೆಗೆದ. ಪ್ಯಾನೆಲ್ಲಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು ಮೂರನೇ ಡಬ್ಬಿಗೆ ನಡೆದ. ಹಿಂದಿನ ಹಾಗೆಯೇ ಎರಡೂ ಕೈಯಿಂದ ತಂಗಿಯ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿದ.

ಪಟ್ಟಿ ಎದ್ದು ಬಂತು.

ಶಿವಗಂಗಮ್ಮನ ನಗು ಅಲ್ಲಿಗೇ ನಿಂತಿತು. ಆಕೆ ಒಮ್ಮೆ ತೆರೆದ ಪಟ್ಟಿಯನ್ನು, ಒಮ್ಮೆ ಆಕಾಶದೆತ್ತರದ ಹಳಿಯ ತಿರುವನ್ನು ನೋಡಿದಳು. ಕರಿಯಣ್ಣ ತಾನು ಅಂಟಿಸಿದ್ದ ಚೂರನ್ನು ಕಿತ್ತು ತೆಗೆದ.

"ಇಳಿ ತಾಯಿ. ಎಲ್ರೂ ಇಳೀರಿ. ಇವತ್ತು ಬಂಡಿ ಓಡಲ್ಲ."

"ಮಿಕ್ಕಿದ್ ಡಬ್ಬಿಯೋರ್ನಾದ್ರೂ ಬಿಡಪ್ಪ" ಎಂದು ಚಿತ್ರಲಿಂಗಪ್ಪ ಓಡಿ ಬಂದರು. ಕರಿಯಣ್ಣ ಆ ಪಟ್ಟಿಯನ್ನು ಅವರ ಕಣ್ಣೆದುರೇ ಇನ್ನೊಮ್ಮೆ ಎತ್ತಿ ತೋರಿಸಿದ. ಮ್ಯಾನೇಜರು ಬೆವರು ಒರೆಸಿಕೊಂಡರು. ಆಮೇಲೆ ತಾವೇ ಸಾಲಿನ ಮುಂದೆ ನಿಂತು, ಬಂಡಿ ಯಾಕೆ ನಿಂತಿದೆ ಎಂದು ಜನರಿಗೆ ಬಿಡಿಸಿ ಹೇಳಿದರು. ಸಿಳ್ಳೆ ಹಾಕಿದವರ್ಯಾರೂ ಮತ್ತೆ ಸಿಳ್ಳೆ ಹಾಕಲಿಲ್ಲ.

ಫೋನ್ ಮಾಡಿ ಕರೆಸಿದ ಸುಚಿತ್ರಾ ಬಂದಾಗ ಕರಿಯಣ್ಣ ತಾನಾಗಿಯೇ ಕಬ್ಬಿಣದ ಚೂರನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದ. "ಇದ್ನ ಅಂಟಿಸಿದ್ದೆ ಮೇಡಂ."

ಆಕೆ ಚೂರನ್ನು ನೋಡಿದರು, ಅವನ ಮುಖ ನೋಡಿದರು. ಬೈಯಲಿಲ್ಲ. ಡಬ್ಬಿಯ ಕೆಳಗೆ ಟಾರ್ಚ್ ಬಿಟ್ಟು, "ಬರ್ರಿ ಇಲ್ಲಿ, ನೋಡ್ರಿ" ಎಂದರು. "ಕೊಂಡಿ ಸವೆದು ನುಣ್ಣಗಾಗೈತೆ. ನಾಲಿಗೆ ಒಳಕ್ಕೆ ಹೋಗ್ತೈತೆ, ಜಾರಿ ಆಚೆಗೆ ಬರ್ತೈತೆ. ಸೆನ್ಸರ್ ನಿಜಾನೇ ಹೇಳ್ತಿತ್ತು, ನಾವು ಅದರ ಬಾಯಿ ಮುಚ್ಚಿದ್ವಿ."

"ನಾವು ಅಲ್ಲ ಮೇಡಂ. ನಾನು."

"ಗುಂಡಿ ಒತ್ತದೆ ಇದ್ದೋರೂ ನೀವೇ ಅಲ್ವೇನ್ರೀ? ಹೊಸ ಕೊಂಡಿ ಹಾಕಾಣ. ಇನ್ಮ್ಯಾಲೆ ದಿನಾ ದೀಪಾನೂ ನೋಡ್ರಿ, ಕೈಯಿಂದ ಜಗ್ಗಿನೂ ನೋಡ್ರಿ. ಎರಡೂ ಬೇಕು."

ಹೆಂಗಸರು ಬೇವಿನ ಮರದ ಕೆಳಗೆ ಚಿತ್ರಾನ್ನ ಬಿಚ್ಚಿದರು. ಶಿವಗಂಗಮ್ಮ ಅಣ್ಣನ ಕೈಗೂ ಒಂದು ತಟ್ಟೆ ಕೊಟ್ಟಳು.

"ಬಂಡಿ ಹತ್ಲಿಲ್ಲ ಅಂತ ನಂಗೇನೂ ಬ್ಯಾಸರ ಇಲ್ಲಣ್ಣ" ಎಂದಳು. "ಊರಾಗೆ ಏನಂತ ಹೇಳ್ತೀನಿ ಗೊತ್ತಾ? ಜನ ನಕ್ರೂ ನಮ್ಮಣ್ಣ ಬಂಡಿ ನಿಲ್ಲಿಸ್ದ ಅಂತೀನಿ. ಆದ್ರೆ ನೀನು ಊರಿಗೆ ಬಂದಾಗ ಮೊದ್ಲು ತೋಟಕ್ಕೆ ಹೋಗಾಣ."

ಕೊಂಡಿಗಳನ್ನೆಲ್ಲ ಬದಲಿಸಿದ ಮೇಲೆ ಹಾವಿನ ಬಂಡಿ ಮತ್ತೆ ಓಡತೊಡಗಿತು. ರಜೆಗೆ ಊರಿಗೆ ಬಂದ ಕರಿಯಣ್ಣ, ತಾನು ಅಣ್ಣನೆಂಬ ಬಿಗುಮಾನ ಬಿಟ್ಟು, ತಂಗಿಯ ಹಿಂದೆ ತೋಟಕ್ಕೆ ಹೋದ. ಮೇನ್ ಆಫ್ ಮಾಡಿ, ಸ್ಟಾರ್ಟರಿನ ಜಾಲಿ ಕಡ್ಡಿ ಕಿತ್ತ. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಪೆಟ್ಟಿಗೆಯೊಳಗೆ ಒಂದು ಫೇಸಿನ ವೈರು ಸಡಿಲವಾಗಿ ಕಪ್ಪಗಾಗಿತ್ತು. ಪಾಪ, ಸ್ಟಾರ್ಟರು ಇಷ್ಟು ದಿನ ಮೋಟರನ್ನು ಉಳಿಸಲೆಂದೇ ನಿಲ್ಲುತ್ತಿತ್ತು. ವೈರು ಬಿಗಿ ಮಾಡಿದ ಮೇಲೆ ಮೋಟರು ಕಡ್ಡಿಯ ಹಂಗಿಲ್ಲದೆ ಓಡಿತು. ಆ ಸಂಜೆ ಅಣ್ಣ ತಂಗಿಯರ ಕಾಫಿಯ ಒಲೆಗೆ ಮೊದಲು ಬಿದ್ದದ್ದು ಅದೇ ಜಾಲಿ ಕಡ್ಡಿ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಸ್ಟಾರ್ಟರಿನಲ್ಲಿ ಕಡ್ಡಿ ಇದೆಯೇ? ಮನೆಯ ಸ್ವಿಚ್ಚು ಪದೇ ಪದೇ ಬೀಳುತ್ತದೆಂದು ತಂತಿ ಸುತ್ತಿ ಕೂರಿಸಿದ್ದೀರಾ? ಇವತ್ತೇ ತಿಳಿದವರನ್ನು ಕರೆಸಿ ತೆಗೆಸಿ. ಯಂತ್ರ ಪದೇ ಪದೇ ನಿಂತರೆ ಅದಕ್ಕೆ ಕಾರಣ ಇರುತ್ತದೆ, ಕಾರಣ ಹುಡುಕಿಸಿ. ಸಂತೆಯಲ್ಲೋ ಪಾರ್ಕಿನಲ್ಲೋ ಆಟದ ಬಂಡಿ ಹೊರಡದೆ ನಿಂತರೆ ಸಿಳ್ಳೆ ಹಾಕಬೇಡಿ. ಕುಳಿತಾಗ ನಿಮ್ಮ ಪಟ್ಟಿಯನ್ನು ನೀವೇ ಒಮ್ಮೆ ಜಗ್ಗಿ ನೋಡಿ. ಎದ್ದು ಬಂದರೆ ನಾಚಿಕೊಳ್ಳದೆ ಕೂಗಿ ಹೇಳಿ. ಬಂಡಿ ಓಡಿಸುವವರು ಗುಂಡಿ ಒತ್ತುವ ಮುನ್ನ, ಅಲ್ಲಿ ಕುಳಿತಿರುವುದು ತಮ್ಮ ತಂಗಿ ಎಂದುಕೊಳ್ಳಲಿ.